ಹಳೇ ಮದ್ರಾಸ್ ರಸ್ತೆಯ ಖಾಲಿ ಶೆಡ್ಡುಗಳು

ಮುಚ್ಚಿದ ಕಾರ್ಖಾನೆಯ ಜಾಗಕ್ಕೆ ಹೊಸ ಉದ್ಯಮ ತರುವುದು ಬಹಳಷ್ಟು ಊರುಗಳಿಗೆ ಬೇಡಿಕೊಳ್ಳುವ ಕೆಲಸ. ತೆರಿಗೆಯಲ್ಲಿ ರಿಯಾಯಿತಿ ಕೊಡಬೇಕು, ರಸ್ತೆ, ನೀರು, ಕರೆಂಟು ಒದಗಿಸಬೇಕು, ಯಾರಾದರೂ ಬಂದಾರೇ ಎಂದು ವರ್ಷಗಟ್ಟಲೆ ಕಾಯಬೇಕು. ಬೆಂಗಳೂರಿನ ಪೂರ್ವ ಭಾಗದಲ್ಲಿ ಕಾಯುವವರು ಆಚೆ ಕಡೆಯವರು. ಇಲ್ಲಿ ಒಂದು ಕಾರ್ಖಾನೆಯ ಗೇಟಿಗೆ ಬೀಗ ಬಿದ್ದ ಮರುದಿನವೇ ಜಾಗ ಕೇಳುವವರು ಬರುತ್ತಾರೆ. ಅಪಾರ್ಟ್‌ಮೆಂಟ್ ಕಟ್ಟುವವರು, ಮಾಲ್ ಕಟ್ಟುವವರು, ಟೆಕ್ ಪಾರ್ಕಿನವರು, ಎಲ್ಲರ ಕೈಯಲ್ಲೂ ಹಣವಿದೆ. ಆ ಜಾಗದಲ್ಲಿ ಯಾವ ಕೆಲಸ ನಡೆಯಬೇಕು, ಅದು ಯಾರಿಗೆ ಸಿಗಬೇಕು, ಜಾಗದ ಒಡೆತನ ಯಾರಲ್ಲಿ ಉಳಿಯಬೇಕು ಎಂಬುದು ಮಾತ್ರ ಇತ್ಯರ್ಥವಾಗುವುದಿಲ್ಲ. ಹಲಸೂರಿನಿಂದ ಕೃಷ್ಣರಾಜಪುರದವರೆಗೆ ಹತ್ತು ಕಿಲೋಮೀಟರಿನಷ್ಟು ದೂರ ಹಳೇ ಮದ್ರಾಸ್ ರಸ್ತೆಯಲ್ಲಿ ಸಾಗಿದರೆ ಈ ಪ್ರಶ್ನೆಗೆ ಸಿಕ್ಕ ಉತ್ತರಗಳೂ ಸಿಗದ ಉತ್ತರಗಳೂ ಒಂದರ ಹಿಂದೊಂದು ಎದುರಾಗುತ್ತವೆ.

ಕಾರ್ಖಾನೆಗಳು ಈ ದಿಕ್ಕಿಗೆ ಬಂದದ್ದಕ್ಕೆ ಕಾರಣ ರೈಲು. 1809ರಲ್ಲಿ ಹಲಸೂರಿನ ಬಳಿ ದಂಡು ನೆಲೆಯೂರಿತು. 1864ರಲ್ಲಿ ಜೋಲಾರಪೇಟೆಯಿಂದ ದಂಡಿನವರೆಗೆ ರೈಲು ಹಳಿ ಬಂದು ಮದ್ರಾಸಿನ ಬಂದರು ಒಂದು ರಾತ್ರಿಯ ದಾರಿಯಾಯಿತು. 1905ರಲ್ಲಿ ಶಿವನಸಮುದ್ರದ ವಿದ್ಯುತ್ ಊರಿಗೆ ತಲುಪಿತು. ಹಳಿಯ ಎರಡೂ ಬದಿಗೆ ರಾಗಿ ಹೊಲ, ತೋಪು, ಕೆರೆಗಳ ನಡುವೆ ಸಮತಟ್ಟಾದ ಅಗ್ಗದ ಜಮೀನು ಬೇಕಾದಷ್ಟಿತ್ತು. ಮೊದಲು ಸಿಗರೇಟು, ಆಮೇಲೆ ವಿಮಾನ, ದೂರವಾಣಿ, ಟ್ರಾನ್ಸ್‌ಫಾರ್ಮರ್ ಹೀಗೆ ಅರ್ಧ ಶತಮಾನದೊಳಗೆ ದಂಡಿನ ಹಿತ್ತಿಲು ಕಾರ್ಖಾನೆಗಳ ಅಂಗಳವಾಯಿತು.

ಇವುಗಳಲ್ಲಿ ಹಳೆಯದು ಸರ್ವಜ್ಞನಗರ ಕ್ಷೇತ್ರದ ಮಾರುತಿ ಸೇವಾನಗರದಲ್ಲಿ, ಬಾಣಸವಾಡಿ ಮುಖ್ಯರಸ್ತೆಯ ಮೇಲಿದೆ. ಇಂದು ಐಟಿಸಿ ಎಂದು ಕರೆಯುವ ಕಂಪನಿ ತನ್ನ ಮೊದಲ ಸಿಗರೇಟು ಕಾರ್ಖಾನೆಯನ್ನು 1913ರಲ್ಲಿ ಬೆಂಗಳೂರಿನಲ್ಲಿ ತೆರೆಯಿತು. ಗುಂಟೂರು ಕಡೆಯ ಹೊಗೆಸೊಪ್ಪು, ಮದ್ರಾಸಿನ ರೈಲು, ದಂಡಿನ ಗಿರಾಕಿಗಳು ಮೂರೂ ಕೈಗೆಟುಕುವಷ್ಟು ಹತ್ತಿರವಿದ್ದವು. ಊರು ಬೆಳೆದು ಕಾರ್ಖಾನೆಯನ್ನು ನಾಲ್ಕೂ ಕಡೆಯಿಂದ ಸುತ್ತಿಕೊಂಡ ಮೇಲೆ ಸಿಗರೇಟು ತಯಾರಿಕೆ ಉತ್ತರದ ಮೀನಕುಂಟೆಗೆ ಹೋಯಿತು. ಹಳೆಯ ಜಾಗವನ್ನು ಕಂಪನಿ ಮಾರಲಿಲ್ಲ. 2000ದಲ್ಲಿ ಹುಟ್ಟಿದ ಅದರದೇ ಸಾಫ್ಟ್‌ವೇರ್ ಸಂಸ್ಥೆ ಐಟಿಸಿ ಇನ್ಫೋಟೆಕ್ ಅಲ್ಲಿ ನೆಲೆಸಿದೆ. ಒಡೆಯ ಒಬ್ಬನೇ, ಹೊಸ ಬಾಡಿಗೆದಾರ ಅವನ ಮನೆಯವನೇ, ಆದ್ದರಿಂದ ಕೋರ್ಟು, ಹರಾಜು, ವರ್ಷಗಟ್ಟಲೆ ಖಾಲಿ ಬೀಳುವುದು ಯಾವುದೂ ಆಗಲಿಲ್ಲ. ಜಾಗ ಮರುಬಳಕೆಯಾದ ಸುಲಭದ ದಾರಿ ಇದು. ಆದರೂ ಒಂದು ವ್ಯತ್ಯಾಸವನ್ನು ಗಮನಿಸಲೇಬೇಕು: ಯಂತ್ರದ ಮುಂದೆ ನಿಲ್ಲಲು ಲಿಂಗರಾಜಪುರದಿಂದಲೋ ಜೀವನಹಳ್ಳಿಯಿಂದಲೋ ಸೈಕಲ್ಲಿನಲ್ಲಿ ಬರುತ್ತಿದ್ದ ಏಳನೇ ಕ್ಲಾಸು ಓದಿದವನಿಗೆ ಕಂಪ್ಯೂಟರಿನ ಮುಂದೆ ಕುರ್ಚಿ ಇರಲಿಲ್ಲ.

ಹಳೇ ಮದ್ರಾಸ್ ರಸ್ತೆಗೆ ಮರಳಿ ಬೈಯಪ್ಪನಹಳ್ಳಿಗೆ ಬಂದರೆ ಕಥೆ ದೀರ್ಘವಾಗುತ್ತದೆ. ರಸ್ತೆಯ ಉತ್ತರಕ್ಕೆ ಉದ್ದನೆಯ ಕಾಂಪೌಂಡು, ಒಳಗೆ ದಟ್ಟವಾಗಿ ಬೆಳೆದ ಮರಗಳು, ಮರಗಳ ಮೇಲೆ ಇಣುಕುವ ಶೆಡ್ಡಿನ ಮಾಡುಗಳು. ಎನ್‌ಜಿಇಎಫ್ ಇಲ್ಲಿತ್ತು. ಮೈಸೂರು ರಸ್ತೆಯಲ್ಲಿ 1930ರ ದಶಕದಿಂದಲೂ ಸರ್ಕಾರಿ ಎಲೆಕ್ಟ್ರಿಕ್ ಫ್ಯಾಕ್ಟರಿ ಇದ್ದುದರಿಂದ ಇದು ನ್ಯೂ ಗವರ್ನಮೆಂಟ್ ಎಲೆಕ್ಟ್ರಿಕ್ ಫ್ಯಾಕ್ಟರಿ ಆಯಿತು. 1956ರಲ್ಲಿ ಜರ್ಮನಿಯ ಎಇಜಿ ಕಂಪನಿಯ ಸಹಯೋಗದಲ್ಲಿ ರಾಜ್ಯ ಸರ್ಕಾರ ಇದನ್ನು ಸ್ಥಾಪಿಸಿತು. ಟ್ರಾನ್ಸ್‌ಫಾರ್ಮರ್, ಮೋಟಾರು, ಸ್ವಿಚ್‌ಗೇರ್ ತಯಾರಾಗುತ್ತಿದ್ದವು. ಎನ್‌ಜಿಇಎಫ್ ಮೋಟಾರಿನ ಪಂಪ್‌ಸೆಟ್ಟು ರಾಜ್ಯದ ಎಷ್ಟೋ ಬಾವಿಗಳ ನೀರೆತ್ತಿದೆ. ಇದರ ಆಸುಪಾಸಿನಲ್ಲಿ ವೈಂಡಿಂಗ್, ಎರಕ, ಲೇತ್ ಕೆಲಸದ ಸಣ್ಣ ಘಟಕಗಳು ಬೆಳೆದವು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಮಾಡಿದ ಒಂದು ಬಡಾವಣೆಗೆ ‘ಈಸ್ಟ್ ಆಫ್ ಎನ್‌ಜಿಇಎಫ್’ ಎಂದೇ ಹೆಸರು ಬಿತ್ತು. ಇಂದಿನ ಕಸ್ತೂರಿನಗರ ಅದೇ.

ಇಂಥ ಕಾರ್ಖಾನೆ ಮುಳುಗಿದ್ದು ಒಂದೇ ದಿನದಲ್ಲಿ ಅಲ್ಲ. ಟ್ರಾನ್ಸ್‌ಫಾರ್ಮರಿನ ದೊಡ್ಡ ಗಿರಾಕಿಗಳೆಂದರೆ ರಾಜ್ಯಗಳ ವಿದ್ಯುತ್ ಮಂಡಳಿಗಳು, ಆ ಮಂಡಳಿಗಳೇ ನಷ್ಟದಲ್ಲಿದ್ದವು. 1991ರ ನಂತರ ಖಾಸಗಿ ಸ್ಪರ್ಧೆ ಬಿರುಸಾಯಿತು, ಹಳೆಯ ಯಂತ್ರ ಬದಲಿಸಲು ಬಂಡವಾಳವಿರಲಿಲ್ಲ. 2002ರಲ್ಲಿ ಉತ್ಪಾದನೆ ನಿಂತಿತು. ಬೆಸ್ಕಾಂ ಹುಟ್ಟಿದ್ದೂ ಅದೇ ವರ್ಷ. ಊರಿಗೆ ವಿದ್ಯುತ್ ಹಂಚಲು ಹೊಸ ಕಂಪನಿ ಬಂದ ವರ್ಷವೇ ಅದಕ್ಕೆ ಟ್ರಾನ್ಸ್‌ಫಾರ್ಮರ್ ಮಾಡಿಕೊಡಬಲ್ಲ ಊರ ಕಾರ್ಖಾನೆ ಬಾಗಿಲು ಹಾಕಿತು. ಮೈಸೂರು ರಸ್ತೆಯ ಹಳೆಯ ಫ್ಯಾಕ್ಟರಿ ಮಾತ್ರ ಕವಿಕಾ ಎಂಬ ಹೆಸರಿನಲ್ಲಿ ಇಂದಿಗೂ ಟ್ರಾನ್ಸ್‌ಫಾರ್ಮರ್ ತಯಾರಿಸುತ್ತಿದೆ. ಈ ಕೆಲಸಕ್ಕೆ ಕಾಲ ಮುಗಿದಿತ್ತು ಎನ್ನುವವರು ಅದನ್ನೊಮ್ಮೆ ನೆನೆಯಬೇಕು.

ಮುಚ್ಚಿದ ಮೇಲೆ ಜಾಗದ ಪಾಡು ಕೋರ್ಟಿಗೆ ಹೋಯಿತು. ನಷ್ಟದ ಕಂಪನಿಗಳಿಗೆಂದು 1985ರಲ್ಲಿ ಬಂದ ರೋಗಗ್ರಸ್ತ ಕೈಗಾರಿಕೆಗಳ ಕಾಯ್ದೆಯ ಪ್ರಕಾರ ಮೊದಲು ಬಿಐಎಫ್‌ಆರ್ ಎಂಬ ಮಂಡಳಿ ಪುನಶ್ಚೇತನ ಸಾಧ್ಯವೇ ಎಂದು ನೋಡಬೇಕಿತ್ತು, ಸಾಧ್ಯವಿಲ್ಲ ಎಂದಾದರೆ ಹೈಕೋರ್ಟು ಕಂಪನಿಯನ್ನು ಸಮಾಪ್ತಿಗೊಳಿಸಬೇಕಿತ್ತು. ಎನ್‌ಜಿಇಎಫ್ ವಿಷಯದಲ್ಲಿ ಈ ಎರಡು ಹಂತಗಳ ನಡುವೆಯೇ ಜಮೀನು ಮಾರುವ ಮಾತು ಎದ್ದು, ಚಂದ್ರ ಡೆವಲಪರ್ಸ್ ಎಂಬ ಖಾಸಗಿ ಸಂಸ್ಥೆಯೊಂದಿಗಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಈ ಕಾಯ್ದೆಯ ಪ್ರಕ್ರಿಯೆ ಮುಗಿಯುವ ಮೊದಲು ಆಸ್ತಿ ಮಾರಾಟವನ್ನು ಹೈಕೋರ್ಟು ತಾನಾಗಿ ನಡೆಸುವಂತಿಲ್ಲ ಎಂದು 2005ರಲ್ಲಿ ತೀರ್ಪು ಬಂತು. ಕಂಪನಿ ಕಾನೂನಿನ ಪಾಠಗಳಲ್ಲಿ ಈ ತೀರ್ಪನ್ನು ಈಗಲೂ ಉಲ್ಲೇಖಿಸುತ್ತಾರೆ. ಊರಿನ ದೃಷ್ಟಿಯಿಂದ ಅದರ ಫಲ ಇನ್ನೊಂದು: ನೂರಕ್ಕೂ ಹೆಚ್ಚು ಎಕರೆಯ ಸಾರ್ವಜನಿಕ ಜಮೀನು ಆತುರದ ಮಾರಾಟದಿಂದ ಉಳಿಯಿತು. ತಡವಾದದ್ದನ್ನೇ ಎಲ್ಲರೂ ಬೈಯುತ್ತಾರೆ. ಇಲ್ಲಿ ಆ ವಿಳಂಬವೇ ಊರಿಗೆ ಒದಗಿಬಂತು.

ಬಾಗಿಲು ಹಾಕಿದ ಜಾಗಕ್ಕೆ ಮೊದಲು ಬಂದ ದೊಡ್ಡ ಬಾಡಿಗೆದಾರ ಮೆಟ್ರೊ. ಎನ್‌ಜಿಇಎಫ್ ಜಮೀನಿನ ಒಂದು ಭಾಗದಲ್ಲಿ ಬೈಯಪ್ಪನಹಳ್ಳಿ ಡಿಪೊ ಎದ್ದಿತು. 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೊದ ಮೊದಲ ರೈಲು ಇಲ್ಲಿಂದಲೇ ಮಹಾತ್ಮ ಗಾಂಧಿ ರಸ್ತೆಗೆ ಹೊರಟಿತು. ಹನ್ನೆರಡು ವರ್ಷ ಬೈಯಪ್ಪನಹಳ್ಳಿಯೇ ನೇರಳೆ ಮಾರ್ಗದ ಕೊನೆಯ ನಿಲ್ದಾಣವಾಗಿತ್ತು. ಕೃಷ್ಣರಾಜಪುರದವರೆಗಿನ ತುಂಡು ಕೂಡಿಕೊಂಡದ್ದು 2023ರ ಅಕ್ಟೋಬರಿನಲ್ಲಿ. ಪಕ್ಕದಲ್ಲೇ 2022ರ ಜೂನ್‌ನಿಂದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ಲಿನಿಂದ ದೂರದ ರೈಲುಗಳು ಓಡುತ್ತಿವೆ. ಎರಡು ದಶಕ ಹಿಂದೆ ಊರಾಚೆ ಎನ್ನುತ್ತಿದ್ದ ಜಾಗಕ್ಕೆ ಈಗ ಮೆಟ್ರೊವೂ ಇದೆ, ರೈಲೂ ಇದೆ. ಇದರಿಂದ ಜಮೀನಿನ ಬೆಲೆ ಏರಿತು, ಕಾರ್ಖಾನೆ ಮತ್ತೆ ಬರುವ ಸಾಧ್ಯತೆ ಇನ್ನಷ್ಟು ಕುಗ್ಗಿತು. ಎಕರೆಗೆ ಹತ್ತಾರು ಕೋಟಿ ಬಾಳುವ ಕಡೆ ಲೇತ್ ಇಟ್ಟುಕೊಂಡು ಬದುಕುವವನಿಗೆ ಮಾರುಕಟ್ಟೆ ಜಾಗ ಕೊಡುವುದಿಲ್ಲ, ಕೊಡುವುದಿದ್ದರೆ ಸರ್ಕಾರವೇ ಕೊಡಬೇಕು.

ಸರ್ಕಾರದ ಮನಸ್ಸು ಈಗ ಮರಗಳ ಕಡೆಗಿದೆ. 2022ರ ಬಜೆಟ್‌ನಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಎನ್‌ಜಿಇಎಫ್‌ನ 105 ಎಕರೆಯಲ್ಲಿ ಉದ್ಯಾನ ಮಾಡುವುದಾಗಿ ಹೇಳಿದರು. ಸರ್ಕಾರ ಬದಲಾದ ಮೇಲೆ 2024ರಲ್ಲಿ ಕೈಗಾರಿಕಾ ಸಚಿವ ಎಂ.ಬಿ. ಪಾಟೀಲ ಅವರು ಜಾಗವನ್ನು ನೋಡಿ 65 ಎಕರೆಯ ವೃಕ್ಷೋದ್ಯಾನದ ಯೋಜನೆಯನ್ನು ಮುಂದಿಟ್ಟರು, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ಮಾದರಿಯಾಗಿ ಹೆಸರಿಸಿದರು. ಎರಡು ಬೇರೆ ಪಕ್ಷಗಳ ಸರ್ಕಾರಗಳು ಒಂದೇ ಜಾಗವನ್ನು ಕಟ್ಟಡಗಳಿಂದ ಉಳಿಸಲು ಒಪ್ಪಿದ್ದು ಸಣ್ಣ ಸಂಗತಿಯಲ್ಲ. ಇಂದಿರಾನಗರ, ಕಸ್ತೂರಿನಗರ, ಸಿ.ವಿ. ರಾಮನ್ ನಗರದ ಮಕ್ಕಳಿಗೆ ಓಡಾಡಲು ಅಷ್ಟು ದೊಡ್ಡ ತೆರೆದ ಜಾಗ ಇನ್ನೊಂದಿಲ್ಲ.

ಹಾಗೆಂದು ನೆಟ್ಟ ಸಸಿಗಳಿಂದಷ್ಟೇ ಕೆಲಸ ಮುಗಿಯದು. ಕಾರ್ಖಾನೆ ಜಾಗದ ಮಣ್ಣು ತೋಟದ ಮಣ್ಣಿನಂತಲ್ಲ. ಟ್ರಾನ್ಸ್‌ಫಾರ್ಮರಿಗೆ ತುಂಬುವ ಎಣ್ಣೆ, ಲೋಹ ತೊಳೆಯುವ ಆಮ್ಲ, ಬಣ್ಣ, ಬೆಸುಗೆಯ ಪುಡಿ ದಶಕಗಟ್ಟಲೆ ನೆಲಕ್ಕಿಳಿದಿರುತ್ತವೆ. ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಗಳಲ್ಲಿ ಪಾಲಿಕ್ಲೋರಿನೇಟೆಡ್ ಬೈಫಿನೈಲ್ ಎಂಬ ವಿಷ ಬೆರೆಸುವ ರೂಢಿ ಜಗತ್ತಿನಾದ್ಯಂತ ಇತ್ತು. ಅದು ಮಣ್ಣಿನಲ್ಲಿ ಕರಗುವುದಿಲ್ಲ, ಮೀನು, ಹಾಲುಗಳ ಮೂಲಕ ಮನುಷ್ಯನ ದೇಹ ಸೇರುತ್ತದೆ. ಭಾರತ 2016ರ ಆದೇಶದಲ್ಲಿ ಅದರ ತಯಾರಿಕೆ ಮತ್ತು ಆಮದನ್ನು ನಿಷೇಧಿಸಿ, ಬಳಕೆ ನಿಲ್ಲಿಸಲು 2025ರ ಕೊನೆಯವರೆಗೆ ಗಡುವು ಕೊಟ್ಟಿತು. ಮಲಿನಗೊಂಡ ಜಾಗಗಳನ್ನು ಗುರುತಿಸಿ, ಮಲಿನ ಮಾಡಿದವರ ಖರ್ಚಿನಲ್ಲೇ ಶುದ್ಧಗೊಳಿಸುವ ಕೇಂದ್ರದ ನಿಯಮಗಳು ಬಂದದ್ದು 2025ರಲ್ಲಿ. ಮುಚ್ಚಿಹೋದ ಸರ್ಕಾರಿ ಕಾರ್ಖಾನೆಯ ವಿಷಯದಲ್ಲಿ ಖರ್ಚು ಯಾರದು ಎಂಬುದಕ್ಕೆ ಉತ್ತರ ಸರಳ, ಸರ್ಕಾರದ್ದೇ. ಎಲ್ಲಿ ಎಷ್ಟು ಆಳದವರೆಗೆ ಮಣ್ಣು ತೆಗೆಯಬೇಕು, ಕೊಳವೆ ಬಾವಿಯ ನೀರು ಹೇಗಿದೆ ಎಂದು ಪರೀಕ್ಷಿಸಿ, ಆ ವರದಿಯನ್ನು ಕನ್ನಡದಲ್ಲಿ ಜನರ ಮುಂದಿಟ್ಟು, ಆಮೇಲೆ ಮಕ್ಕಳನ್ನು ಹುಲ್ಲಿನ ಮೇಲೆ ಆಡಲು ಬಿಡುವುದು ಸರಿಯಾದ ಕ್ರಮ.

ಇನ್ನು ಶೆಡ್ಡುಗಳು. ಅವುಗಳ ವಿಷಯದಲ್ಲಿ ಎನ್‌ಜಿಇಎಫ್‌ನ ಜರ್ಮನ್ ಪಾಲುದಾರನ ಕಥೆಯಿಂದಲೇ ಕಲಿಯಬಹುದು. ಎಇಜಿ ಬರ್ಲಿನ್ನಿನ ಹಿರಿಯ ಕಂಪನಿ. 1909ರಲ್ಲಿ ಪೀಟರ್ ಬೆರೆನ್ಸ್ ಅದಕ್ಕೆ ಕಟ್ಟಿಕೊಟ್ಟ ಟರ್ಬೈನ್ ಶೆಡ್ಡನ್ನು ವಾಸ್ತುಶಿಲ್ಪದ ವಿದ್ಯಾರ್ಥಿಗಳು ಇಂದಿಗೂ ನೋಡಲು ಹೋಗುತ್ತಾರೆ. 1982ರಲ್ಲಿ ಎಇಜಿಯೇ ಸಾಲ ತೀರಿಸಲಾಗದೆ ಕುಸಿಯಿತು, 1985ರಲ್ಲಿ ಡೈಮ್ಲರ್ ಬೆಂಜ್ ಅದನ್ನು ಕೊಂಡಿತು, 1996ಕ್ಕೆ ಕಂಪನಿಯೇ ಇಲ್ಲವಾಯಿತು. ಆದರೆ ಬರ್ಲಿನ್ನಿನ ವೆಡ್ಡಿಂಗ್ ಭಾಗದಲ್ಲಿ ಅದು ಬಿಟ್ಟುಹೋದ ಕಾರ್ಖಾನೆಯಲ್ಲಿ 1983ರಲ್ಲೇ ಹೊಸ ಉದ್ಯಮಿಗಳಿಗಾಗಿ ಒಂದು ಕೇಂದ್ರ ಶುರುವಾಯಿತು. ಜರ್ಮನಿಯಲ್ಲಿ ಅಂಥದ್ದು ಅದೇ ಮೊದಲು. ತಾಂತ್ರಿಕ ವಿಶ್ವವಿದ್ಯಾಲಯದ ಪ್ರಯೋಗಾಲಯಗಳು, ಸಣ್ಣ ಕಂಪನಿಗಳು ಕಡಿಮೆ ಬಾಡಿಗೆಗೆ ಹಳೆಯ ಇಟ್ಟಿಗೆ ಗೋಡೆಗಳ ನಡುವೆ ಕೂತವು. ಕೆಡವಲಿಲ್ಲ, ಒಟ್ಟಾಗಿ ಒಬ್ಬನಿಗೆ ಮಾರಲಿಲ್ಲ, ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಟ್ಟರು. ಬೈಯಪ್ಪನಹಳ್ಳಿಯ ಶೆಡ್ಡುಗಳ ಎತ್ತರ, ಕ್ರೇನ್ ಓಡುವ ತೊಲೆಗಳು, ಭಾರ ತಡೆಯುವ ನೆಲ ಇವೆಲ್ಲ ಬ್ಯಾಟರಿ, ಮೋಟಾರು, ಎಲೆಕ್ಟ್ರಿಕ್ ವಾಹನದ ಬಿಡಿಭಾಗ ಮಾಡಲು ಹೊರಟ ಹುಡುಗರಿಗೆ ಇಂದು ಬೆಂಗಳೂರಿನಲ್ಲಿ ಕೈಗೆಟುಕುವ ಬಾಡಿಗೆಗೆ ಸಿಗುವುದಿಲ್ಲ. ಕೋಡಿಂಗ್ ಮಾಡಲು ಫ್ಲ್ಯಾಟಿನ ಹಾಲ್ ಸಾಕು, ಮೋಟಾರು ಕಟ್ಟಲು ಶೆಡ್ಡೇ ಬೇಕು. ಉದ್ಯಾನದ ನಡುವೆ ಎರಡು ಮೂರು ಶೆಡ್ಡುಗಳಲ್ಲಿ ಐಟಿಐ ಓದಿದ ಫಿಟ್ಟರ್‌ಗಳಿಗೂ ಎಂಜಿನಿಯರುಗಳಿಗೂ ಒಟ್ಟಿಗೆ ಕೆಲಸ ಕೊಡುವ ಕಾರ್ಯಾಗಾರಗಳು ನಡೆದರೆ ಮರಗಳಿಗೆ ಯಾವ ಕುಂದೂ ಇಲ್ಲ.

ಮುಂಬೈ ಇದೇ ಪ್ರಶ್ನೆಗೆ ಕಾನೂನಿನಿಂದ ಉತ್ತರಿಸಲು ಹೋಗಿ ಸೋತಿತು. 1991ರ ನಿಯಮದಂತೆ ಮುಚ್ಚಿದ ಗಿರಣಿಯ ಜಮೀನು ಮೂರು ಪಾಲಾಗಬೇಕಿತ್ತು: ಒಂದು ಪಾಲು ಬಯಲಿಗೆ, ಒಂದು ಸಾರ್ವಜನಿಕ ವಸತಿಗೆ, ಒಂದು ಮಾಲೀಕನಿಗೆ. 2001ರಲ್ಲಿ ಆ ಲೆಕ್ಕವನ್ನು ಕಟ್ಟಡವಿಲ್ಲದ ಖಾಲಿ ನೆಲಕ್ಕೆ ಮಾತ್ರ ಅನ್ವಯಿಸುವಂತೆ ತಿದ್ದಿದರು. ಗಿರಣಿಗಳ ಜಾಗದ ಹೆಚ್ಚು ಭಾಗ ಶೆಡ್ಡುಗಳಿಂದಲೇ ತುಂಬಿತ್ತು, ಹಾಗಾಗಿ ಊರಿಗೆ ಬಂದದ್ದು ಚೂರುಪಾರು. 2006ರಲ್ಲಿ ಸುಪ್ರೀಂ ಕೋರ್ಟೂ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಬೆಂಗಳೂರು ಗಿರಣಿ ಜಮೀನಿಗೆಂದು ಅಷ್ಟು ಮಟ್ಟದ ಸೂತ್ರವನ್ನೂ ಮಾಡಿಕೊಳ್ಳಲಿಲ್ಲ. ಮಲ್ಲೇಶ್ವರದ ರಾಜಾ ಮಿಲ್ ಜಾಗದಲ್ಲಿ ಮಂತ್ರಿ ಮಾಲ್ ಬಂತು, ಕಿರ್ಲೋಸ್ಕರ್ ಎಲೆಕ್ಟ್ರಿಕ್ ಜಾಗದಲ್ಲಿ ಒರಾಯನ್ ಮಾಲ್ ಬಂತು, ಬಿನ್ನಿ ಮಿಲ್ಲು ಕೆಲವು ಕಾಲ ಸಿನಿಮಾ ಶೂಟಿಂಗಿಗೆ ಒದಗಿ ಆಮೇಲೆ ಮಾಲು, ಅಪಾರ್ಟ್‌ಮೆಂಟುಗಳಾಯಿತು. 1936ರಲ್ಲಿ ಹುಟ್ಟಿ 2003ರಲ್ಲಿ ಮುಚ್ಚಿದ ಮೈಸೂರು ಲ್ಯಾಂಪ್ಸ್‌ನ ಇಪ್ಪತ್ತೊಂದು ಎಕರೆ ಸರ್ಕಾರದ್ದೇ ಆದ್ದರಿಂದ ಅಲ್ಲಿ ಊರಿನ ಚರಿತ್ರೆ ಹೇಳುವ ಕೇಂದ್ರ ಮಾಡುವ ಯೋಚನೆ ನಡೆದಿದೆ. ಒಡೆತನ ಸರ್ಕಾರದ್ದಾಗಿರುವ ಕಡೆ ಮಾತ್ರ ಊರಿಗೆ ಆಯ್ಕೆ ಉಳಿದಿದೆ ಎಂಬುದು ಇವನ್ನೆಲ್ಲ ಜೋಡಿಸಿ ನೋಡಿದರೆ ಸ್ಪಷ್ಟವಾಗುತ್ತದೆ.

ಬೆನ್ನಿಗಾನಹಳ್ಳಿ ದಾಟಿದರೆ ಟಿನ್ ಫ್ಯಾಕ್ಟರಿ ನಿಲ್ದಾಣ. ಇಲ್ಲಿ ಬಸ್ಸು ಹತ್ತುವವರಲ್ಲಿ ಟಿನ್ ತಯಾರಾಗುತ್ತಿದ್ದುದನ್ನು ಕಂಡವರು ವಿರಳ. ತೂಗುಸೇತುವೆಯ ಆಚೆ ದೂರವಾಣಿನಗರ. 1948ರಲ್ಲಿ, ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ಯಮವಾಗಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ) ಇಲ್ಲಿ ಆರಂಭವಾಯಿತು. ದೇಶದ ಮನೆ, ಕಚೇರಿಗಳ ಕಪ್ಪು ಫೋನುಗಳೂ ಎಕ್ಸ್‌ಚೇಂಜಿನ ಯಂತ್ರಗಳೂ ಇಲ್ಲಿಂದ ಹೋಗುತ್ತಿದ್ದವು. ವಸತಿ, ಶಾಲೆ, ಆಸ್ಪತ್ರೆ, ಆಟದ ಮೈದಾನ ಎಲ್ಲ ಗೇಟಿನ ಆಸುಪಾಸಿನಲ್ಲೇ ಇದ್ದವು. 1980ರ ಡಿಸೆಂಬರ್‌ನಿಂದ 1981ರ ಮಾರ್ಚ್‌ವರೆಗೆ ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಮಿಕರು 77 ದಿನ ಮುಷ್ಕರ ಹೂಡಿದಾಗ ದೂರವಾಣಿನಗರ ಅದರ ಮುಂಚೂಣಿಯಲ್ಲಿತ್ತು. ಈ ಕಾರ್ಖಾನೆಗಳ ಕನ್ನಡ ಸಂಘಗಳ ರಾಜ್ಯೋತ್ಸವ, ನಾಟಕಗಳಿಂದ ಪೂರ್ವ ಬೆಂಗಳೂರಿನಲ್ಲಿ ಕನ್ನಡಕ್ಕೆ ಒಂದು ನೆಲೆ ಸಿಕ್ಕಿತು. ನೌಕರಿಯಲ್ಲಿ ಕನ್ನಡಿಗರ ಪಾಲಿನ ಬಗ್ಗೆ ಸರೋಜಿನಿ ಮಹಿಷಿ ಸಮಿತಿ 1980ರ ದಶಕದಲ್ಲಿ ವರದಿ ಕೊಡುವಾಗ ಕಣ್ಣ ಮುಂದಿದ್ದದ್ದೂ ಇಂಥ ಕಾರ್ಖಾನೆಗಳೇ.

ಐಟಿಐ ಮುಚ್ಚಿಲ್ಲ, ಆದ್ದರಿಂದ ಅದರ ಕಥೆ ಎನ್‌ಜಿಇಎಫ್‌ಗಿಂತ ಬೇರೆ. 1984ರಲ್ಲಿ ಫೋನ್ ತಯಾರಿಕೆ, 1991ರಲ್ಲಿ ಎಕ್ಸ್‌ಚೇಂಜ್ ಉಪಕರಣಗಳ ತಯಾರಿಕೆ ಖಾಸಗಿಯವರಿಗೆ ತೆರೆದುಕೊಂಡ ಮೇಲೆ ಅದರ ಏಕಸ್ವಾಮ್ಯ ಹೋಯಿತು. ಮೊಬೈಲು ಬಂದ ಮೇಲೆ ಹಳೆಯ ಯಂತ್ರಸಾಲುಗಳೇ ಬೇಡವಾದವು. ಸಾವಿರಾರು ಕೈಗಳಿಗೆಂದು ಕಟ್ಟಿದ ಹಾಲ್‌ಗಳಲ್ಲಿ ಕೆಲಸಗಾರರು ವಿರಳವಾದರು. 2014ರಲ್ಲಿ ಕೇಂದ್ರ ಸರ್ಕಾರ ಸುಮಾರು 4,156 ಕೋಟಿ ರೂಪಾಯಿಯ ಪುನಶ್ಚೇತನ ಯೋಜನೆಗೆ ಒಪ್ಪಿತು. ಬಿಎಸ್‌ಎನ್‌ಎಲ್ ಆರ್ಡರುಗಳಲ್ಲಿ ಮೀಸಲು ಪಾಲು, ರಕ್ಷಣಾ ಇಲಾಖೆಯ ಸಂಪರ್ಕ ಜಾಲಗಳು, ಇದೇ ಆವರಣದ ಡೇಟಾ ಸೆಂಟರು ಇವುಗಳ ಮೇಲೆ ಕಂಪನಿ ನಡೆಯುತ್ತಿದೆ. ಡೇಟಾ ಸೆಂಟರಿಗೆ ಬೇಕಾದದ್ದು ನಿರಂತರ ಕರೆಂಟು, ತಂಪು, ಭದ್ರ ಕಾಂಪೌಂಡು. ಮೂರೂ ಹಳೆಯ ಸರ್ಕಾರಿ ಕಾರ್ಖಾನೆಯಲ್ಲಿ ಸಿದ್ಧವಾಗಿ ಸಿಗುತ್ತವೆ. ಅದಕ್ಕೆ ಬೇಕಾದ ಜನ ಮಾತ್ರ ಬೆರಳೆಣಿಕೆಯವರು. ಕಾರ್ಖಾನೆ ಜೀವಂತವಿರುವಾಗಲೇ ಖಾಲಿ ಹಾಲ್‌ಗಳನ್ನು ಸಣ್ಣ ತಯಾರಕರಿಗೆ ಕೊಟ್ಟರೆ ಪರೀಕ್ಷಾ ಯಂತ್ರಗಳೂ ಅನುಭವಿ ತಂತ್ರಜ್ಞರೂ ಅವರಿಗೆ ಅಲ್ಲೇ ಸಿಗುತ್ತಾರೆ. ಬೀಗ ಬಿದ್ದ ಮೇಲೆ ಗೋಡೆ ಮಾತ್ರ ಉಳಿಯುತ್ತದೆ. ಬೈಯಪ್ಪನಹಳ್ಳಿಯಲ್ಲಿ ಕಳೆದುಕೊಂಡ ಅವಕಾಶ ದೂರವಾಣಿನಗರದಲ್ಲಿ ಇನ್ನೂ ಕೈಯಲ್ಲಿದೆ.

ವೈಟ್‌ಫೀಲ್ಡ್ ಕಡೆಗಿನ ಗ್ರಾಫೈಟ್ ಇಂಡಿಯಾ ಇನ್ನೊಂದು ಬಗೆಯ ಸಾಕ್ಷಿ. ಕಾರ್ಖಾನೆ ಬಂದಾಗ ಸುತ್ತ ಹೊಲಗಳಿದ್ದವು. ಅಪಾರ್ಟ್‌ಮೆಂಟುಗಳು ಬಂದ ಮೇಲೆ ಬಾಲ್ಕನಿಗಳ ಮೇಲೆ ಕೂರುವ ಕಪ್ಪು ಧೂಳಿನ ವಿರುದ್ಧ ನಿವಾಸಿಗಳು ವರ್ಷಗಟ್ಟಲೆ ಹೋರಾಡಿದರು, 2019ರಲ್ಲಿ ಕಂಪನಿ ಅಲ್ಲಿನ ಘಟಕವನ್ನು ಮುಚ್ಚಿತು. ನಿವಾಸಿಗಳ ದೂರು ನ್ಯಾಯವಾದದ್ದೇ. ಹೊಗೆ, ಧೂಳಿಲ್ಲದ ತಯಾರಿಕೆಗೂ ಊರೊಳಗೆ ಜಾಗ ಉಳಿಯದಿದ್ದರೆ ಮಾತ್ರ ಅದು ನಷ್ಟದ ಲೆಕ್ಕಕ್ಕೆ ಸೇರುತ್ತದೆ.

ರಾಜ್ಯದ ಈಚಿನ ಕೈಗಾರಿಕಾ ನೀತಿಗಳು ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳನ್ನು ಮೂರನೇ ವಲಯದಲ್ಲಿಟ್ಟು, ಪ್ರೋತ್ಸಾಹಧನವನ್ನು ಹೆಚ್ಚಾಗಿ ಉಳಿದ ಜಿಲ್ಲೆಗಳಿಗೆ ಕಾದಿರಿಸುತ್ತವೆ. ಅದು ಸರಿಯಾದ ನಿಲುವು. ಅದರ ಪರೀಕ್ಷೆ ನಡೆಯುವುದು ಇದೇ ರೈಲು ಹಳಿಯ ಇನ್ನೊಂದು ತುದಿಯಲ್ಲಿ. ಬಂಗಾರಪೇಟೆಯಲ್ಲಿ ಕವಲೊಡೆದು ಮಾರಿಕುಪ್ಪಂಗೆ ಹೋಗುವ ಗಾಡಿ ಕೋಲಾರ ಚಿನ್ನದ ಗಣಿ ಪ್ರದೇಶ ತಲುಪುತ್ತದೆ. 1902ರಲ್ಲಿ, ಬೆಂಗಳೂರಿಗಿಂತ ಮೂರು ವರ್ಷ ಮೊದಲೇ, ಶಿವನಸಮುದ್ರದ ವಿದ್ಯುತ್ ಕಂಡ ಊರು ಅದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಅಲ್ಲಿನ ಸಾವಿರಾರು ಜನ ಬೆಳಗಿನ ಕತ್ತಲಲ್ಲೇ ರೈಲು ಹತ್ತಿ ಕೃಷ್ಣರಾಜಪುರ, ಬೈಯಪ್ಪನಹಳ್ಳಿ, ದಂಡಿನ ಕಡೆ ದುಡಿಯಲು ಬಂದು ರಾತ್ರಿ ಮರಳುತ್ತಾರೆ. ಪೂರ್ವ ಬೆಂಗಳೂರಿನ ಹೋಟೆಲು, ಆಸ್ಪತ್ರೆ, ಕಟ್ಟಡ ಕೆಲಸಗಳು ಅವರ ಬೆನ್ನ ಮೇಲೆ ನಡೆಯುತ್ತಿವೆ. ಅಲ್ಲಿ ಕೇಂದ್ರ ಸರ್ಕಾರಿ ಸ್ವಾಮ್ಯದ ಬೆಮೆಲ್ ಬಳಸದೆ ಬಿಟ್ಟ ಸುಮಾರು 970 ಎಕರೆಯನ್ನು ರಾಜ್ಯ ಹಿಂದಕ್ಕೆ ಪಡೆದು ಕೈಗಾರಿಕಾ ಪ್ರದೇಶ ಮಾಡಲು ಹೊರಟಿದೆ. ಚೆನ್ನೈ ಎಕ್ಸ್‌ಪ್ರೆಸ್‌ವೇಯ ಹೊಸಕೋಟೆಯಿಂದ ಬೇತಮಂಗಲದವರೆಗಿನ ಭಾಗದಲ್ಲಿ 2024ರ ಕೊನೆಯಿಂದ ವಾಹನಗಳು ಓಡುತ್ತಿವೆ, ಬೇತಮಂಗಲದಿಂದ ಗಣಿ ಊರು ಹತ್ತಿರವೇ. ಕೈಯಲ್ಲಿ ಕೆಲಸ ಬಲ್ಲ ಜನ, ರೈಲು, ಹೆದ್ದಾರಿ ಮೂರೂ ಅಲ್ಲಿವೆ. ಆಗಬೇಕಾದದ್ದು ನೀರಿನ ಪೈಪು, ವಿದ್ಯುತ್ ಸಬ್‌ಸ್ಟೇಷನ್ನು, ಮತ್ತು ಸಣ್ಣ ತಯಾರಕರು ಬಾಡಿಗೆಗೆ ಹಿಡಿಯಬಹುದಾದ ಸಿದ್ಧ ಶೆಡ್ಡುಗಳು.